ಹಣ್ಣು ಬಿಡುವ ಬೆತ್ತಕ್ಕೆ ಕತ್ತಿ ತಾಗದಿರಲಿ: ಮಲೆನಾಡಿನ ಗ್ರಾಮ ಅರಣ್ಯ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಲೆನಾಡು ಮತ್ತು ಕರಾವಳಿಯ ಗ್ರಾಮ ಅರಣ್ಯ ಸಮಿತಿಗಳ ಅಧ್ಯಕ್ಷರಿಗೂ ಸದಸ್ಯರಿಗೂ,

ಮಾನ್ಯರೆ,

ಸಮಿತಿಯ ಸಭೆ ಎಂದರೆ ಅಕೇಶಿಯಾ ಕಡಿತದ ಪಾಲಿನ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಉಪ್ಪಾಗೆ, ರಾಂಪತ್ರೆ, ಜೇನು, ಬೆಂಕಿ ಕಾವಲು, ಸಸಿ ನೆಡುವ ಗುಂಡಿ, ಎಲ್ಲಕ್ಕೂ ಸರದಿ ಬರುತ್ತದೆ. ಬೆತ್ತದ ಸರದಿ ಬರುವುದು ಮಾತ್ರ ಅಪರೂಪ. ಬಂದರೂ ಯಾರೋ ರಾತ್ರಿ ಹೊರೆ ಕಟ್ಟಿ ಸಾಗಿಸಿದರಂತೆ ಎಂಬ ದೂರಾಗಿ ಬರುತ್ತದೆ, ಆ ದೂರಿನೊಂದಿಗೇ ಮುಗಿದೂ ಹೋಗುತ್ತದೆ. ಮುಂದಿನ ಸಭೆಯಲ್ಲಿ ಬೆತ್ತಕ್ಕೆ ಒಂದು ಜಾಗ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಕೇಳುವುದು ಹೆಚ್ಚೇನಲ್ಲ. ನಿಮ್ಮ ಸಮಿತಿಯ ಕಾಡಿನಲ್ಲಿ ಹಣ್ಣು ಬಿಡುವ ಬೆತ್ತದ ಮೆಳೆಗಳನ್ನು ಗುರುತಿಸಿ. ಅವುಗಳ ಆಸುಪಾಸಿನ ಒಂದಷ್ಟು ಗಂಡು ಮೆಳೆಗಳನ್ನೂ ಸೇರಿಸಿಕೊಂಡು, ಅವಕ್ಕೆ ಕತ್ತಿ ತಾಗಬಾರದೆಂದು ಠರಾವು ಬರೆಯಿರಿ. ಆ ಠರಾವು ಬರೆಯುವ ದಿನ ಬೆತ್ತ ಹೆಣೆಯುವವರನ್ನೂ ಸಭೆಗೆ ಕರೆಯಿರಿ. ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬುಟ್ಟಿ ಹೆಣೆಯುವವರ ಜಗಲಿಯಲ್ಲಿ ಬಿದಿರೂ ಬೆತ್ತವೂ ಒಟ್ಟಿಗೆ ಒರಗಿರುವುದರಿಂದ ಎರಡೂ ಒಂದೇ ಜಾತಿ ಎಂದು ಬಹಳ ಜನ ತಿಳಿದಿದ್ದಾರೆ. ಬಿದಿರು ಹುಲ್ಲಿನ ಕುಟುಂಬದ್ದು. ಬೆತ್ತ ತಾಳೆಯ ಕುಟುಂಬದ್ದು. ಅಂದರೆ ನಿಮ್ಮ ತೋಟದ ಅಡಿಕೆ, ತೆಂಗು, ಕಾಡಿನ ಬೈನೆ ಇವೆಲ್ಲ ಅದರ ದಾಯಾದಿಗಳು. ಬಿದಿರಿನ ಒಳಗೆ ಟೊಳ್ಳು, ಬೆತ್ತ ಒಳಗೂ ಹೊರಗೂ ಗಟ್ಟಿ. ಅದಕ್ಕೇ ಅದನ್ನು ಬಿಸಿ ತಾಗಿಸಿ ಬಗ್ಗಿಸಿದರೆ ಮುರಿಯದೆ ಬಗ್ಗುತ್ತದೆ, ಕುರ್ಚಿಯ ಕೈಯಾಗುತ್ತದೆ. ನಮ್ಮ ಕಾಡಿನ ಬೆತ್ತಗಳೆಲ್ಲ ಕಲಾಮಸ್ ಎಂಬ ಕುಲಕ್ಕೆ ಸೇರಿದವು. ತಾಳೆ ಕುಟುಂಬದಲ್ಲೇ ಅತಿ ದೊಡ್ಡ ಕುಲ ಅದು. 400ಕ್ಕೂ ಹೆಚ್ಚು ಜಾತಿಗಳಿವೆ. ಆಫ್ರಿಕದಿಂದ ಹಿಡಿದು ಶಾಂತಸಾಗರದ ಫಿಜಿ ದ್ವೀಪಗಳವರೆಗೆ, ಮಳೆ ಚೆನ್ನಾಗಿ ಬೀಳುವ ಬಿಸಿ ನಾಡುಗಳಲ್ಲೆಲ್ಲ ಹರಡಿದೆ. ಪಶ್ಚಿಮ ಘಟ್ಟದಲ್ಲಿರುವುದು ಸುಮಾರು 20 ಜಾತಿ. ಅವುಗಳಲ್ಲಿ ಹಲವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಈ ಮಾತಿನ ತೂಕ ನಿಮಗೆ ತಿಳಿಯಲಿ ಎಂದು ಕೆಲವು ಹೆಸರು ಹೇಳುತ್ತೇನೆ. ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ಸಿಕ್ಕಿದ ಒಂದು ಬೆತ್ತವನ್ನು 1970ರಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ದಾಖಲಿಸಿದಾಗ ಊರಿನವರು ಕರೆಯುತ್ತಿದ್ದ ಹೆಸರನ್ನೇ ಉಳಿಸಿಕೊಂಡರು: ಕಲಾಮಸ್ ನಾಗಬೆತ್ತೈ. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯ ಸಿ. ರೇಣುಕಾ ಅವರು ಪಶ್ಚಿಮ ಘಟ್ಟದ ಬೆತ್ತಗಳನ್ನು ವರ್ಷಗಟ್ಟಲೆ ಹುಡುಕಿ, ಒಂದೊಂದನ್ನೂ ಗುರುತಿಸುವ ಕೈಪಿಡಿಯನ್ನು 1992ರಲ್ಲಿ ಹೊರತಂದರು. ಅವರೂ ಲಕ್ಷ್ಮಣ ಎಂಬವರೂ ಸೇರಿ ಹೆಸರಿಟ್ಟ ಒಂದು ಜಾತಿ ಕಲಾಮಸ್ ಕರ್ನಾಟಕೆನ್ಸಿಸ್. ನಮ್ಮ ರಾಜ್ಯದ ಹೆಸರು ಹೊತ್ತ ಗಿಡ ನಮ್ಮದೇ ಹಳ್ಳದ ದಂಡೆಯಲ್ಲಿ ಇರಬಹುದು. ಅದು ಇದೆಯೋ ಇಲ್ಲವೋ ನೋಡಲು ನಿಮಗಿಂತ ಹತ್ತಿರದವರು ಯಾರಿದ್ದಾರೆ?

ಇನ್ನು ನಮ್ಮೆಲ್ಲರಿಗೂ ಪರಿಚಯದ ಹಂದಿಬೆತ್ತ. ಹೆಬ್ಬೆರಳಿಗಿಂತ ದಪ್ಪ, ಕುರ್ಚಿ ಮೇಜಿನ ಚೌಕಟ್ಟಿಗೆ ಹೇಳಿ ಮಾಡಿಸಿದ್ದು; ಹಾಗಾಗಿಯೇ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಕತ್ತಿಯೇಟು. ಶ್ರೀಲಂಕಾದಲ್ಲೂ ಅದು ಬೆಳೆಯುತ್ತದೆ, ಅಲ್ಲಿಯೂ ಅದರ ಪಾಡು ಇದೇ.

ಅಡಿಕೆ ಮರ ಬೇರೆಯವರ ಆಸರೆಯಿಲ್ಲದೆ ನಿಲ್ಲುತ್ತದೆ. ಬೆತ್ತಕ್ಕೆ ಅದು ಆಗುವುದಿಲ್ಲ. ಬೆಳಕು ಬೇಕು, ಆದರೆ ಬೆಳಕಿರುವುದು ಮರಗಳ ನೆತ್ತಿಯ ಮೇಲೆ. ಅಲ್ಲಿಗೆ ಏರಲು ಅದಕ್ಕಿರುವ ಸಾಧನ ಒಂದು ಉದ್ದನೆಯ ಸಪೂರ ಚಾಟಿ. ಕೆಲವು ಜಾತಿಗಳಲ್ಲಿ ಗರಿಯ ತುದಿಯೇ ಚಾಟಿಯಾಗಿ ಚಾಚುತ್ತದೆ. ಇನ್ನು ಕೆಲವಲ್ಲಿ ಹೂಗೊಂಚಲಾಗಬೇಕಿದ್ದದ್ದೇ ಹೂ ಬಿಡದೆ ಚಾಟಿಯಾಗುತ್ತದೆ. ಅದರ ಉದ್ದಕ್ಕೂ ಹಿಂದಕ್ಕೆ ಬಾಗಿದ ಮುಳ್ಳುಗಳು, ಮೀನಿನ ಗಾಳದ ಹಾಗೆ. ಗಾಳಿಗೆ ತೂಗಾಡುತ್ತ ಯಾವುದೋ ಕೊಂಬೆಗೆ ಸಿಕ್ಕಿಕೊಂಡರೆ ಬಿಡುವುದಿಲ್ಲ. ನಿಮ್ಮ ಅಂಗಿಯ ತೋಳಿಗೆ ಸಿಕ್ಕರೂ ಅಷ್ಟೆ. ಗರಿಯ ಬುಡದ ಸೋಗೆಯ ಮೇಲೂ ಮುಳ್ಳು. ಈ ಮುಳ್ಳಿನ ಸೋಗೆ ಒಣಗಿ ಉದುರಿದ ಮೇಲೆ ಒಳಗಿನಿಂದ ಕಾಣುವ ನುಣುಪಾದ ಕಾಂಡವೇ ನಾವು ಬೆತ್ತ ಎಂದು ಕೈಯಲ್ಲಿ ಹಿಡಿಯುವುದು.

ಸುಮಾತ್ರಾ, ಮಲಯ ಕಡೆಯ ಮನಾವ್ ಎಂಬ ಬೆತ್ತ 100 ಮೀಟರಿಗೂ ಉದ್ದ ಬೆಳೆದದ್ದಿದೆ. ಅಷ್ಟು ಉದ್ದಕ್ಕೆ ಬುಡದಿಂದ ತುದಿಗೆ ನೀರು ಹೋಗಬೇಕಲ್ಲ. ಮಾವು, ಹಲಸಿನಂಥ ಮರಗಳು ವರ್ಷವರ್ಷ ಹೊಸ ನೀರುನಾಳಗಳನ್ನು ಮಾಡಿಕೊಳ್ಳುತ್ತವೆ. ತಾಳೆ ಜಾತಿಗೆ ಆ ಭಾಗ್ಯವಿಲ್ಲ. ಮೊದಲಿಗೆ ಹುಟ್ಟಿದ ನಾಳಗಳೇ ಆ ಕಾಂಡದ ಆಯುಷ್ಯವಿಡೀ ದುಡಿಯಬೇಕು. ಕಾಂಡ ವಯಸ್ಸಾದಂತೆ ದಪ್ಪವಾಗುವುದೂ ಇಲ್ಲ, ಎಷ್ಟು ದಪ್ಪ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಬೀಜದಿಂದ ಹುಟ್ಟಿದ ಬೆತ್ತದ ಸಸಿ ಮೊದಲ ಕೆಲವು ವರ್ಷ ಮೇಲಕ್ಕೆ ಏಳುವುದೇ ಇಲ್ಲ. ನೆಲದ ಮಟ್ಟದಲ್ಲೇ ಗರಿ ಬಿಚ್ಚಿಕೊಂಡು, ಬುಡವನ್ನು ಅದರ ಪೂರ್ಣ ದಪ್ಪಕ್ಕೆ ತಂದುಕೊಳ್ಳುತ್ತ ಕೂತಿರುತ್ತದೆ. ನೋಡಿದವರಿಗೆ ಅದು ಮುಳ್ಳಿನ ಪೊದೆ. ನೆಡುತೋಪಿಗೆ ಗುಂಡಿ ತೆಗೆಯುವ ಮೊದಲು ಜಿಗ್ಗು ಸವರುವ ಕೆಲಸ ಬರುತ್ತದೆ. ಸವರುವ ಕತ್ತಿಗೆ ಲಂಟಾನವೂ ಒಂದೇ, ಬೆತ್ತದ ಸಸಿಯೂ ಒಂದೇ. ಕಾಡು ಬೆಳೆಸುವ ಹೆಸರಿನಲ್ಲೇ ಎಷ್ಟು ಸಸಿಗಳು ಹೀಗೆ ಹೋಗಿವೆ ಎಂದು ನೆನೆದರೆ ಸಂಕಟವಾಗುತ್ತದೆ. ಮುಂದಿನ ಸಲ ಸವರುವ ಮೊದಲು ಕೂಲಿಯವರಿಗೆ ಬೆತ್ತದ ಎಳೆ ಸಸಿಯನ್ನು ತೋರಿಸಿ, ಇದನ್ನು ಬಿಡಿ ಎಂದು ಒಂದು ಮಾತು ಹೇಳಿದರೆ ಸಾಕು. ಇದಕ್ಕೆ ಇಲಾಖೆಯ ಆದೇಶ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ಈಗ ಹಣ್ಣಿನ ವಿಷಯ. ಅಡಿಕೆಯ ಒಂದೇ ಸಿಂಗಾರದಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುತ್ತವೆ. ಒಂದೇ ಮರವಿದ್ದರೂ ಕಾಯಿ ಕಚ್ಚೀತು. ಬೆತ್ತದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡದ ಹುಡಿಯನ್ನು ಕೀಟಗಳು ಹೊತ್ತು ತಂದರೆ ಮಾತ್ರ ಹೆಣ್ಣು ಗಿಡದಲ್ಲಿ ಹಣ್ಣು. ಒಂದು ಹಳ್ಳದ ಬದಿಯ ಗಂಡು ಬೆತ್ತಗಳನ್ನೆಲ್ಲ ಕಡಿದರೆ, ಉಳಿದ ಹೆಣ್ಣು ಗಿಡ ಎಷ್ಟು ಸೊಂಪಾಗಿದ್ದರೂ ಬಂಜೆಯೇ. ಹೂ ಬಿಡುವ ತನಕ ಯಾವುದು ಗಂಡು ಯಾವುದು ಹೆಣ್ಣು ಎಂದು ಹೇಳಲೂ ಆಗದು.

ಹೂ ಬಿಡುವುದು ಯಾವಾಗ? ಕಾಂಡ ಬಲಿತು, ಮರದ ತಲೆ ಮುಟ್ಟಿ, ಬಿಸಿಲು ಕಂಡ ಮೇಲೆ. ಕಡಿಯುವವನಿಗೆ ಬೇಕಾದ ಬೆತ್ತವೂ ಅದೇ! ಎಳೆಯದನ್ನು ಕಡಿದು ಲಾಭವಿಲ್ಲ, ಉದ್ದ ಬಲಿತದ್ದೇ ಬೇಕು. ಹೀಗಾಗಿ ಕಡಿಯಲು ಯೋಗ್ಯವಾದ ಬೆತ್ತವೂ ಬೀಜ ಕೊಡಲು ಸಿದ್ಧವಾದ ಬೆತ್ತವೂ ಒಂದೇ ಆಗಿಬಿಡುತ್ತದೆ. ಕಡಿಯುವವನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಓಡುತ್ತಿರುತ್ತದೆ: ನಾನು ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬ ಒಯ್ಯುತ್ತಾನೆ. ಯಾರದೂ ಅಲ್ಲದ ಕಾಡಿನಲ್ಲಿ ಈ ಲೆಕ್ಕ ತಪ್ಪೆಂದು ಹೇಳುವುದು ಕಷ್ಟ. ಆ ಕಾಡು ಇಂಥ ಊರಿನ ಸಮಿತಿಯದು, ಇಲ್ಲಿ ಹೀಗೆ ಹೀಗೆ ಎಂಬ ಕಟ್ಟುಪಾಡು ಇದೆ ಎಂದಾದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನಿಮಗೇ ಪತ್ರ ಬರೆಯಲು ಕಾರಣ ಇದು.

ಇದರಲ್ಲಿ ಕಣ್ಣಿಗೆ ಮೋಸವಾಗುವ ಒಂದು ಸಂಗತಿ ಇದೆ. ತಾಳೆ ಜಾತಿಯ ಕಾಂಡಕ್ಕೆ ಇರುವುದು ಒಂದೇ ಸುಳಿ. ಸುಳಿ ಹೋದರೆ ಆ ಕಾಂಡ ಸತ್ತಂತೆ ಎಂದು ಸುಳಿಕೊಳೆ ರೋಗ ಕಂಡ ಅಡಿಕೆ ಬೆಳೆಗಾರರಿಗೆ ನಾನು ಹೇಳಿಕೊಡಬೇಕಿಲ್ಲ. ಮನಾವ್ ಬೆತ್ತ ಒಂಟಿ ಕಾಂಡದ್ದು, ಕಡಿದರೆ ಗಿಡವೇ ಮುಗಿಯಿತು. ನಮ್ಮ ಬೆತ್ತಗಳಲ್ಲಿ ಬಹುಪಾಲು ಮೆಳೆಯಾಗಿ ಬೆಳೆಯುವವು. ಬಲಿತದ್ದನ್ನು ಕಡಿದರೆ ಬುಡದಿಂದ ಬೇರೆ ಹಿಳ್ಳು ಏಳುತ್ತದೆ. ಅದು ಬಲಿಯುವ ಹೊತ್ತಿಗೆ ಅದಕ್ಕೂ ಕತ್ತಿ, ಮತ್ತೆ ಹಿಳ್ಳು. ಹಾದಿಯಲ್ಲಿ ಹೋಗುವವರಿಗೆ ಹಳ್ಳದ ಬದಿಯಲ್ಲಿ ಹಸಿರು ಮೆಳೆ ಇದ್ದೇ ಇರುತ್ತದೆ. ಬೆತ್ತಕ್ಕೇನು ಬರ, ಬೇಕಾದಷ್ಟಿದೆ ಎನ್ನುತ್ತಾರೆ. ಆದರೆ ಆ ಮೆಳೆಯಿಂದ ಒಂದು ಬೀಜ ನೆಲಕ್ಕೆ ಬಿದ್ದು ಎಷ್ಟೋ ಕಾಲವಾಗಿರಬಹುದು. ಸುತ್ತ ಬಾಗಿ ನೋಡಿದರೆ ಬೀಜದ ಸಸಿ ಒಂದೂ ಕಾಣದು. ಮುದಿ ಬುಡ ಒಂದು ದಿನ ಕೊಳೆತಾಗ, ಅಥವಾ ಹಳ್ಳ ದಂಡೆಯನ್ನೇ ಕೊಚ್ಚಿಕೊಂಡು ಹೋದಾಗ, ಆ ಜಾಗದಲ್ಲಿ ಬೆತ್ತ ಇತ್ತು ಎಂಬುದಕ್ಕೆ ಗುರುತೂ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಕಾಡಿನಲ್ಲಿ ಎಷ್ಟು ಮೆಳೆ ಇದೆ ಎಂದು ಎಣಿಸಿ ಸಮಾಧಾನಪಡಬೇಡಿ. ಎಷ್ಟರಲ್ಲಿ ಹಣ್ಣು ಇದೆ, ಎಷ್ಟರ ಕೆಳಗೆ ಸಸಿ ಇದೆ ಎಂದು ನೋಡಿ.

ಸಮಾಧಾನದ ಒಂದು ಮಾತೂ ಇದೆ. ಬಿದಿರು ಹೂ ಬಿಟ್ಟರೆ ಮೆಳೆಗೆ ಮೆಳೆಯೇ ಸಾಯುತ್ತದೆ. ಬೆತ್ತ ಹಾಗಲ್ಲ. ಕಲಾಮಸ್ ಕುಲದ ಬೆತ್ತಗಳು ಸಾಮಾನ್ಯವಾಗಿ ಹೂ ಬಿಟ್ಟು, ಹಣ್ಣು ಕೊಟ್ಟು, ಮತ್ತೆ ಬೆಳೆಯುತ್ತ, ಮತ್ತೆ ಹಣ್ಣು ಕೊಡುತ್ತ ಹೋಗುತ್ತವೆ. ಈ ವರ್ಷ ನೀವು ಉಳಿಸಿದ ಒಂದು ಹೆಣ್ಣು ಮೆಳೆ ನಿಮ್ಮ ಮಕ್ಕಳ ಕಾಲಕ್ಕೂ ಬೀಜ ಕೊಡಬಲ್ಲದು. ಮೈತುಂಬ ಒಂದರ ಮೇಲೊಂದು ಹೊದ್ದ ಹುರುಪೆಗಳಿರುವ ಆ ಗುಂಡು ಹಣ್ಣನ್ನು ಸುಲಿದರೆ ಬೀಜದ ಸುತ್ತ ತೆಳ್ಳನೆಯ ಹುಳಿ ತಿರುಳು. ಮಂಗ, ಮಂಗಟ್ಟೆ, ಪುನುಗಿನ ಬೆಕ್ಕು ಅದಕ್ಕಾಗಿ ಬರುತ್ತವೆ. ಬೀಜವನ್ನು ದೂರ ಒಯ್ದು ಹಾಕುವವರೂ ಅವರೇ. ನೀವು ಬುಡ ಕಾಯ್ದರೆ ಬಿತ್ತುವ ಕೆಲಸದ ಬಹುಭಾಗ ಅವರ ಪಾಲಿಗೆ.

ಹೆಣೆಯುವವರನ್ನು ಸಭೆಗೆ ಕರೆಯಿರಿ ಎಂದೆನಲ್ಲ, ಅದನ್ನು ಉಪಚಾರಕ್ಕೆ ಹೇಳಿದ್ದಲ್ಲ. ಮೇದರು ನಮ್ಮ ನಾಡಿನ ಹಳೆಯ ಕಸುಬುದಾರರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಇದ್ದರು. ಅನುಭವ ಮಂಟಪದ ಕಾಲಕ್ಕೇ ಈ ಕಸುಬಿಗೆ ತನ್ನದೇ ಮಾನವಿತ್ತು. ದಕ್ಷಿಣ ಕನ್ನಡ, ಉಡುಪಿಯ ಕಡೆ ಕೊರಗ ಸಮುದಾಯದವರು ಕಾಡಿನ ಬೀಳು, ಬೆತ್ತ, ಬಿದಿರಿನಿಂದ ಬುಟ್ಟಿ ಹೆಣೆದೇ ಬದುಕಿದವರು. ಅಂಗಳಕ್ಕೆ ಅಡಿಕೆ ಹೊತ್ತು ತಂದ ಹೆಡಿಗೆ, ಗದ್ದೆಗೆ ಗೊಬ್ಬರ ಹೊತ್ತ ಬುಟ್ಟಿ, ಮಠದ ಸ್ವಾಮಿಗಳ ಕೈಯ ಬೆತ್ತ, ಅಜ್ಜನ ಊರುಗೋಲು, ಇವೆಲ್ಲ ಯಾರದೋ ಬೆರಳಿನ ದುಡಿಮೆ. ಕಾಡಿಗೆ ಬೇಲಿ ಹಾಕಿ ಯಾರೂ ಬರಬೇಡಿ ಎಂದರೆ ಕದ್ದು ಕಡಿದು ಲಾರಿಗೆ ತುಂಬುವವನಿಗೆ ಏನೂ ಆಗುವುದಿಲ್ಲ, ಅವನು ರಾತ್ರಿ ಬರುತ್ತಾನೆ. ಹಗಲು ಬಂದು ನಾಲ್ಕು ಬೆತ್ತ ಎಳೆದುಕೊಂಡು ಹೋಗುತ್ತಿದ್ದ ಹೆಣೆಯುವವರ ಒಲೆ ಮಾತ್ರ ಆರುತ್ತದೆ. ಇಂಥ ಠರಾವು ನೀವು ಬರೆಯಬಾರದು.

ಬೆತ್ತದ ಬಗ್ಗೆ ತಿಳಿದವರೂ ಅವರೇ. ಸೋಗೆ ಎಲ್ಲಿಯವರೆಗೆ ಉದುರಿದೆ ನೋಡಿ ಕಾಂಡ ಎಷ್ಟು ಬಲಿತಿದೆ ಎಂದು ಹೇಳಬಲ್ಲರು. ಬುಡಕ್ಕಿಂತ ಸ್ವಲ್ಪ ಮೇಲೆ, ಪಕ್ಕದ ಹಿಳ್ಳಿಗೆ ಪೆಟ್ಟಾಗದಂತೆ ಕಡಿಯಬೇಕು. ತುದಿಯ ಎಳೆ ಭಾಗ ಹೇಗೂ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಕಡಿದರೆ ಬೂಸ್ಟು ಹಿಡಿದು ಕಲೆ ಬೀಳುತ್ತದೆ, ಆದ್ದರಿಂದ ಒಣ ದಿನಗಳಲ್ಲೇ ಕಡಿದು ಬೇಗ ಒಣಗಿಸಬೇಕು. ಗುತ್ತಿಗೆಗೆ ಹೊರೆ ಲೆಕ್ಕದಲ್ಲಿ ಕಡಿಯುವವನಿಗೆ ಈ ವಿವೇಚನೆಗೆ ಪುರುಸೊತ್ತಿಲ್ಲ. ಅವನು ಎಳೆಯುತ್ತಾನೆ, ಬಂದಷ್ಟು ಬಂತು. ಮೇಲೆ ಸಿಕ್ಕಿಕೊಂಡು ಉಳಿದ ಅರ್ಧ ಅಲ್ಲೇ ಒಣಗುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಿ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಪಟ್ಟಿ ಮಾಡುವಾಗ ಜೇನು, ಮೇಣ, ಅರಗು, ಬಿದಿರಿನ ಜೊತೆಗೆ ಬೆತ್ತವನ್ನೂ ಹೆಸರಿಸಿ ಹೇಳಿದೆ. ಅದರ ಪ್ರಕಾರ ಹಕ್ಕು ಪಡೆದ ಅರಣ್ಯವಾಸಿಗಳು ಅದನ್ನು ಸಂಗ್ರಹಿಸಬಹುದು, ಬಳಸಬಹುದು, ಮಾರಬಹುದು. ಹಾಗೆಯೇ ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಅಧಿಕಾರವನ್ನೂ ಆ ಕಾಯ್ದೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ದಾರಿ ಇದೆ ಎಂಬುದಕ್ಕೆ ಇದು ನಮ್ಮ ರಾಜ್ಯದ್ದೇ ಉದಾಹರಣೆ. ಇನ್ನೊಂದು ಕಡೆ, 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಮರ ಎಂಬ ವ್ಯಾಖ್ಯೆಯೊಳಗೆ ಬಿದಿರೂ ಬೆತ್ತವೂ ಸೇರಿದ್ದವು. 2017ರಲ್ಲಿ ಬಿದಿರನ್ನು ಅದರಿಂದ ತೆಗೆದರು, ಬೆತ್ತ ಅಲ್ಲೇ ಉಳಿಯಿತು. ಬಿದಿರಿನ ಪರವಾಗಿ ಮಾತಾಡುವವರು ಇದ್ದರು. ಬೆತ್ತದ ಪರವಾಗಿ ಯಾರು ಮಾತಾಡಬೇಕು? ತೋಟದ ಅಂಚಿನಲ್ಲೋ ಸೊಪ್ಪಿನ ಬೆಟ್ಟದಲ್ಲೋ ಬೆತ್ತ ಬೆಳೆಸುವ ರೈತನಿಗೆ ಕಡಿಯಲು, ಸಾಗಿಸಲು ತೊಡಕಿಲ್ಲ ಎಂಬ ಧೈರ್ಯ ಬರುವವರೆಗೆ ಯಾರೂ ನೆಡುವುದಿಲ್ಲ. ಸಮಿತಿಗಳು ಒಟ್ಟಾಗಿ ಸರ್ಕಾರವನ್ನು ಕೇಳಬೇಕಾದ ವಿಷಯ ಇದು.

ನೆಟ್ಟು ಬೆಳೆಸಲು ಆಗುತ್ತದೆಯೇ ಎಂದು ಅನುಮಾನಪಡುವವರಿಗೆ ಇಂಡೋನೇಷ್ಯಾದ ಕಲಿಮಂತಾನದ ದಾಯಕ್ ಜನರ ಸುದ್ದಿ ಹೇಳಬೇಕು. ನಮ್ಮ ಕುಮರಿ ಬೇಸಾಯದಂತೆ ಅವರು ಕಾಡು ಸವರಿ ಭತ್ತ ಬಿತ್ತುತ್ತಾರೆ. ಭತ್ತದ ಜೊತೆಗೇ ಬೆತ್ತದ ಸಸಿಯನ್ನೂ ಇಡುತ್ತಾರೆ. ಭತ್ತ ಕೊಯ್ದು ನೆಲವನ್ನು ಪಾಳು ಬಿಟ್ಟಾಗ ಕಾಡು ಮತ್ತೆ ಏಳುತ್ತದೆ, ಏಳುವ ಮರಗಳನ್ನು ಹಿಡಿದು ಬೆತ್ತವೂ ಏಳುತ್ತದೆ. ಏಳೆಂಟರಿಂದ ಹತ್ತು ವರ್ಷಕ್ಕೆ ಮೊದಲ ಕೊಯ್ಲು, ಆಮೇಲೆ ಕೆಲವು ವರ್ಷಕ್ಕೊಮ್ಮೆ ದಶಕಗಳ ಕಾಲ. ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದ ಕ್ರಮ ಇದು. ಇದಕ್ಕೂ ಪೆಟ್ಟು ಬಿತ್ತು. ದೇಶದೊಳಗಿನ ಪೀಠೋಪಕರಣ ಉದ್ಯಮಕ್ಕೆ ಅನುಕೂಲವಾಗಲೆಂದು 1980ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರ ಕಚ್ಚಾ ಬೆತ್ತದ ರಫ್ತು ನಿಲ್ಲಿಸಿತು. ಕೊಳ್ಳುವವರು ಕಡಿಮೆಯಾದರು, ಬೆಳೆದವರಿಗೆ ಬೆಲೆ ಸಿಗದಾಯಿತು. ಮುಂದೆ ನಿಷೇಧ ಸಡಿಲವಾಯಿತು, 2012ರಿಂದ ಮತ್ತೆ ಬಂತು. ಬೆಲೆಯಿಲ್ಲದ ಬೆತ್ತದ ತೋಟವನ್ನು ಕಡಿದು ಎಣ್ಣೆತಾಳೆಗೋ ರಬ್ಬರಿಗೋ ಜಾಗ ಮಾಡಿಕೊಡುವುದನ್ನು ಯಾರಿಂದ ತಡೆಯಲಾದೀತು? ಬೆಳೆಯುವವರನ್ನೂ ಹೆಣೆಯುವವರನ್ನೂ ಹೊರಗಿಟ್ಟು ಮಾಡಿದ ನಿಯಮ ಕೊನೆಗೆ ಗಿಡದ ಬುಡಕ್ಕೇ ಬಂತು.

ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬೆತ್ತ ಯಾರಿಗೆ ಬೇಕು ಎಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಬಹುದು. ಪೇಟೆಯ ಅಂಗಡಿಗಳಲ್ಲಿ ಬೆತ್ತದ ಹೆಸರಿನಲ್ಲಿ ಮಾರುವ ಎಷ್ಟೋ ಕುರ್ಚಿಗಳು ಪ್ಲಾಸ್ಟಿಕ್ ದಾರದವು. ಆ ನಕಲು ಮಾರಾಟವಾಗುತ್ತಿದೆ ಎಂದರೆ ಅಸಲಿಗೆ ಆಸೆಪಡುವವರು ಇದ್ದಾರೆ ಎಂದೇ ಅರ್ಥ. ಮತ್ತೆ, ಮಾರಾಟವೊಂದೇ ಲೆಕ್ಕವಲ್ಲ. ಹಳ್ಳದ ದಂಡೆಯಲ್ಲಿ, ಸಿದ್ದಾಪುರದ ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಗಳಲ್ಲಿ ಹೆಣೆದುಕೊಂಡು ನಿಂತ ಬೆತ್ತದ ಮೆಳೆಯೊಳಗೆ ದನ ನುಗ್ಗುವುದಿಲ್ಲ. ಅದರ ನೆರಳಿನಲ್ಲಿ ಮರದ ಸಸಿಗಳು ಬದುಕಿಕೊಳ್ಳುತ್ತವೆ, ದಂಡೆಯ ಮಣ್ಣು ನಿಲ್ಲುತ್ತದೆ. ಬೇಸಿಗೆಯಲ್ಲಿ ನಿಮ್ಮ ತೋಟಕ್ಕೆ ಇಳಿಯುವ ಅಬ್ಬಿ ನೀರು ಆ ಜಡ್ಡಿಯಿಂದಲೇ ಬರುವುದು.

ಸಸಿ ಮಾಡುವ ಉತ್ಸಾಹ ಇರುವ ಸಮಿತಿಗಳಿಗೆ ಇಷ್ಟು ವಿವರ. ಉದುರಿದ ಒಣ ಬೀಜವನ್ನು ಆರಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಪ್ರಯೋಜನವಿಲ್ಲ. ಒಣಗಿದ ಬೆತ್ತದ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಬಲಿತ ಹಣ್ಣನ್ನೇ ತಂದು, ಹುರುಪೆ ಸುಲಿದು, ತಿರುಳನ್ನು ಚೆನ್ನಾಗಿ ತಿಕ್ಕಿ ತೊಳೆದು, ತಡಮಾಡದೆ ನೆರಳಿನ ಪಾತಿಗೆ ಹಾಕಬೇಕು. ಪಾತಿಯ ತೇವ ಆರಬಾರದು. ಮೊಳಕೆಗೆ ವಾರಗಳು, ಕೆಲವಕ್ಕೆ ತಿಂಗಳುಗಳು ಹಿಡಿಯುತ್ತವೆ. ಬರಲಿಲ್ಲವೆಂದು ಪಾತಿ ಅಗೆದು ಹಾಕಬೇಡಿ. ನೆಡುವಾಗ ಬಯಲಿನಲ್ಲಿ ನೆಡಬೇಡಿ, ಮರದ ಅರೆನೆರಳಿನಲ್ಲಿ, ಹಳ್ಳದ ಬದಿಯಲ್ಲಿ, ಮುಂದೆ ಹಿಡಿದು ಏರಲು ಮರ ಇರುವಲ್ಲಿ ನೆಡಿ. ನೆಟ್ಟ ಮೇಲೆ ಅವು ನೆಲದಲ್ಲೇ ಕೂತಿರುವ ವರ್ಷಗಳಲ್ಲಿ ಲೆಕ್ಕಪರಿಶೋಧನೆಗೆ ಬಂದವರು ಇದೇನು ಬೆಳೆಯಲೇ ಇಲ್ಲ ಎಂದರೆ, ಬುಡ ಕಟ್ಟುತ್ತಿದೆ ಎಂದು ತಿಳಿಸಿ ಹೇಳಿ.

ಹಂದಿಬೆತ್ತದ ಹಣ್ಣು ಬಲಿಯುವುದು ಬೇಸಿಗೆಯಲ್ಲಿ. ಹಾಗಾಗಿ ಮೆಳೆ ಗುರುತಿಸುವ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಬೇಕು. ಗಂಡು ಗಿಡ ಗೊತ್ತಾಗುವುದು ಹೂವಿನ ಕಾಲದಲ್ಲಿ ಮಾತ್ರ. ಅದಕ್ಕೆ ಕಾಡಿಗೆ ಇನ್ನೊಮ್ಮೆ ಹೋಗಬೇಕಾಗುತ್ತದೆ. ಗುರುತಿನ ಸುತ್ತಿಗೆ ಹೋಗುವಾಗ ಮೇದರ ಕೇರಿಯಿಂದಲೋ ಕೊರಗರ ಕಾಲೊನಿಯಿಂದಲೋ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಆ ದಿನದ ಕೂಲಿಯನ್ನು ಸಮಿತಿಯ ಖಾತೆಯಿಂದ ಕೊಡಿ. ಬೆತ್ತದ ಠರಾವು ಬರುವ ಸಭೆಯ ನೋಟೀಸು ಅವರ ಮನೆಗಳಿಗೂ ಮುಂಚಿತವಾಗಿ ತಲುಪಲಿ.

ಇಂತಿ,
ನಿಮ್ಮ ಸೀಮೆಯವನೇ ಆದ ಒಬ್ಬ ಬರಹಗಾರ